ಬಾವುಟ ಹಿಡಿದ ಮದುಮಗ

ನನ್ನ ಕಣ್ಣಾಣೆ, ಇದು ಅಣ್ಣಿಗೇರಿ ಹತ್ತಿರ ನಡೆದದ್ದೇ. ರೈಲು ಬಂದ ಹೊಸದರಲ್ಲಿ ಎಮ್ಮೆ, ಎತ್ತು, ಮನುಷ್ಯರೆಲ್ಲ ಗಾಲಿಗೆ ಸಿಕ್ಕಿ ಸತ್ತರಲ್ಲ, ಆಗ ಹುಟ್ಟಿದ ಕಾಯ್ದೆ ನಿಮಗೂ ಗೊತ್ತು. ಪ್ರತಿ ರೈಲಿನ ಮುಂದೆ ಒಬ್ಬರು ಕೆಂಪು ಬಾವುಟ ಹಿಡಿದು ನಡೆಯಬೇಕು, ರೈಲು ಅವರ ಹಿಂದೆಯೇ ಬರಬೇಕು. ಗದಗಿನ ಗಾಡಿಗೆ ನಡೆಯುವವಳು ನಾನೇ.

ಅವತ್ತು ಹೊಲದವರು ಕೊಟ್ಟ ಚಹಾ ಕುಡಿಯುತ್ತ ನಿಂತಿದ್ದೆ. ರೈಲೂ ನಿಂತಿತ್ತು. ಬಾಸಿಂಗ ಕಟ್ಟಿದ ಫಕೀರೇಶ ಎಂಬ ಹುಡುಗ ಬರಿಗಾಲಲ್ಲಿ ಡಬ್ಬಿಯಿಂದ ಜಿಗಿದು ಬಂದ.

"ನೀಲವ್ವಕ್ಕಾ, ಲಗೂ ನಡೀಬೇ! ಮುಹೂರ್ತ ತಪ್ಪಿದ್ರ ಹುಡುಗೀನ್ನ ನಮ್ಮ ಕಾಕಾನ ಮಗಗ ಕೊಡ್ತಾರಂತ!"

"ನನ್ನ ಮೊಣಕಾಲಿಗೆ ನಿನ್ನ ಮುಹೂರ್ತ ತಿಳಿಯಂಗಿಲ್ಲೋ ತಮ್ಮಾ. ಬಾವುಟ ಯಾರ ಕೈಯಾಗಿದ್ರೂ ಕಾಯ್ದೆಕ ನಡೀತೈತಿ. ಹಿಡಿ!"

ಅವನು ಬಾವುಟ ಹಿಡಿದು, ನಾನು ಕಳಚಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟಿಕೊಂಡು ಓಡಿದ. ನಾನು ಇಂಜಿನ್ ಹತ್ತಿದೆ. ರೈಲು ಅವನ ಬೆನ್ನು ಹತ್ತಿತು.

"ಏ ಮದುಮಗಾ, ಸಾವಕಾಶೋ! ನನ್ನ ಇಂಜಿನ್ನಿಗೆ ಇಷ್ಟು ಓಡಿ ರೂಢಿ ಇಲ್ಲೋ!" ಎಂದು ಡ್ರೈವರ್ ದಾವೀದಪ್ಪ ಕೂಗಿದ.

ಕಡೆಯ ಅಕ್ಷತೆ ಬೀಳುವಷ್ಟರಲ್ಲಿ ಮಂಟಪ ಮುಟ್ಟಿದ ಹುಡುಗ ಏದುಸಿರು ಬಿಡುತ್ತಲೇ ತಾಳಿ ಕಟ್ಟಿದ. ಈಗ ರೈಲ್ವೆ ಸಾಹೇಬರಲ್ಲಿ ಜಗಳ. ಮದುಮಗನ ಕೈಗೆ ಬಾವುಟ ಕೊಟ್ಟರೆ ಮತ್ತೆ ಅಪಘಾತ ಅಂತ ಅರ್ಧ ಜನ, ಎಲ್ಲ ಗಾಡಿಗೂ ಮದುಮಗನೇ ಬೇಕು ಅಂತ ಇನ್ನರ್ಧ.

ಈ ಗಲಾಟೆಯಲ್ಲಿ ನನ್ನ ಚಪ್ಪಲಿ ಅವನ ಕಾಲಲ್ಲೇ ಅತ್ತೆಮನೆ ಸೇರಿತು. ನೀವು ಹೇಗೂ ಗಾಡಿಯೊಳಗೆ ಕೂತು ಬರುವವರು. ಎಲ್ಲಿ, ನಿಮ್ಮ ಚಪ್ಪಲಿ ಒಂಚೂರು ಬಿಡಿ, ನನಗೆ ಆಗುತ್ತಾ ನೋಡೋಣ.