ಟ್ರಯಲ್ ಕಾಪಿ

ಬಾಯಿ ಕಟ್ಟುವ ಯಂತ್ರದ ನಲವತ್ತೆಂಟು ಜೆರಾಕ್ಸ್ ಬೇಕು ಎಂದು ಭೀಮನಬೀಡಿನ ಮಂತ್ರಗಾರ ದೊಡ್ಡಬೀರಯ್ಯ ಕೇಳಿದಾಗ, ನಗು ಮುಚ್ಚಿಕೊಳ್ಳಲು ಸೋಮೇಶ ಸುಮ್ಮಸುಮ್ಮನೆ ಕೆಮ್ಮಬೇಕಾಯಿತು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು ಅವನು ಅಂಗಡಿ ತೆರೆದು ಎರಡು ವರ್ಷವಾಗಿತ್ತು. ಪಹಣಿ, ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು ಎಲ್ಲ ಬಂದಿದ್ದವು. ಚೌಕ ಮನೆಗಳನ್ನು ಗೀಚಿ ಅಕ್ಷರ ತುಂಬಿದ ಮಂತ್ರದ ಹಾಳೆ ಬಂದದ್ದು ಇದೇ ಮೊದಲು.

"ಕೈ ನಡುಗ್ತದೆ ಕಣಪ್ಪ," ಎಂದ ಮುದುಕ. "ಉಪಾಸ ಇದ್ಕಂಡು ದಿನಕ್ಕೊಂದು ಬರೀಬೇಕು. ಅರಿಸ್ನದ ಒಲದೋರು ಕಾಯ್ತಾ ಕೂತವ್ರೆ. ಬೆಳೆ ನೋಡಿ ಒಟ್ಟೆ ಉರ್ಕೊಂಡು ಮಾತಾಡೋರ ಬಾಯಿ ತಾಗ್ದೇ ಇರ್ಲಿ ಅಂತ ಬೇಲಿಗೆ ಕಟ್ಟೋದು."

"ನಮ್ ಮೆಷಿನ್ನು ಉಪವಾಸ ಇರಲ್ಲ, ದಿನಾ ಇಂಕ್ ಪುಡಿ ತಿಂತದೆ. ನಡೀತದಾ?"

ಬೀರಯ್ಯ ನಗಲಿಲ್ಲ. "ಆಳೆ ಮಾತ್ರ ಬೆಳ್ಳಗಿರ್ಬೇಕು. ಎಸ್ರಿಲ್ದಿರೋ ಆಳೆ ಒಲ ಕಾಯ್ತದೆ. ಎಸ್ರಿರೋ ಆಳೆ ಆ ಎಸ್ರಿನೋರ ಮಾತ್ನೇ ಕಟ್ಟಾಕ್ತದೆ."

ಸೋಮೇಶ ತಲೆಯಾಡಿಸಿ, ಯಾರ ಹೆಸರೂ ಇಲ್ಲದ ಖಾಲಿ ಹಾಳೆ ತುಂಬಿ ಕೆಲಸ ಮುಗಿಸಿದ. ಬೀರಯ್ಯ ಬಿಸಿ ಹಾಳೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡವನು ಹೊರಡದೆ ನಿಂತ.

"ಎಲ್ಲಕ್ಕಿಂತ ಮೊದ್ಲು ಒಂದು ಬಂತಲ್ಲ, ಅದೆಲ್ಲಿ?"

"ಅದು ಟ್ರಯಲ್ ಕಾಪಿ. ಕಪ್ಪು ಸರಿಯಾಗಿ ಬರ್ತದಾ ಅಂತ ನೋಡೋಕೆ. ಹೊಸ ಹಾಳೆ ಯಾಕೆ ದಂಡ ಅಂತ ಕೆಟ್ಟೋಗಿರೋ ಕಾಪಿ ಹಿಂದ್ಗಡೆ ತೆಗೀತೀವಿ." ಸೋಮೇಶ ರದ್ದಿ ಡಬ್ಬದಿಂದ ಅದನ್ನು ಎತ್ತಿ ತೋರಿಸಿದ.

"ತಿರುಗ್ಸು ನೋಡನ."

ಹಿಂಬದಿಯಲ್ಲಿದ್ದದ್ದು ಒಂದು ಜನನ ಪ್ರಮಾಣಪತ್ರ. ಸ್ಕೂಲಿಗೆ ಸೇರಿಸಲೆಂದು ಸೋಮೇಶನೇ ಬೆಳಿಗ್ಗೆ ತೆಗೆದದ್ದು. ಓರೆಯಾಗಿ ಬಂದಿತೆಂದು ಡಬ್ಬಕ್ಕೆ ಹಾಕಿದ್ದ. ಮಗುವಿನ ಹೆಸರು ಪುಟ್ಟಬಸಮ್ಮ ಎಂದಿತ್ತು. ಅವನ ಮಗಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದರು, ಕರೆಯುವುದು ಪುಟ್ಟಿ ಅಂತ. ಬೀರಯ್ಯ ಹಾಳೆಯನ್ನು ಬೆಳಕಿಗೆ ಹಿಡಿದ. ಯಂತ್ರದ ನಟ್ಟನಡುವಿನ ಖಾಲಿ ಮನೆಯೊಳಗೆ ಆ ಹೆಸರು ತಿರುಗುಮುರುಗಾಗಿ ಕಾಣುತ್ತಿತ್ತು.

ಅಂಗಡಿಯ ಹಿಂದೆಯೇ ಮನೆ. ಪುಟ್ಟಿಗೆ ಐದು ವರ್ಷ. ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಬೀಗವಿಲ್ಲ. ಗೋಡೆಯಾಚೆ ಅವಳ ಹರಟೆ ಕೇಳುತ್ತಿಲ್ಲ ಎಂಬುದು ಸೋಮೇಶನ ಗಮನಕ್ಕೆ ಬಂದದ್ದು ಆಗ. ಅಷ್ಟರಲ್ಲಿ ಹೆಂಡತಿ ನಾಗರತ್ನ ಮಗುವನ್ನು ಎತ್ತಿಕೊಂಡು ಓಡಿಬಂದಳು.

"ರೀ, ಇವಳ್ನ ನೋಡಿ. ಬಾಯಾಡುಸ್ತಾವ್ಳೆ, ಸದ್ದೇ ಬರ್ತಿಲ್ಲ."

ಪುಟ್ಟಿಯ ತುಟಿಗಳು ಎಂದಿನ ಅವಸರದಲ್ಲೇ ಆಡುತ್ತಿದ್ದವು. ಒಂದಿಷ್ಟೂ ದನಿಯಿರಲಿಲ್ಲ. ಸೋಮೇಶ ಆ ಹಾಳೆಯನ್ನು ಹರಿಯಲು ಹೋದ. ಬೀರಯ್ಯ ಕೈ ಹಿಡಿದುಕೊಂಡ.

"ಅರೀಬ್ಯಾಡ. ಅರುದ್ರೆ ಇಂಗೇ ನಿಂತೋಯ್ತದೆ. ಬರೆದ ಕೈಯೇ ಅಳಿಸ್ಬೇಕು."

"ನಾನೇ ಅಲ್ವಾ ಬರ್ದಿದ್ದು? ಬಟನ್ ಒತ್ತಿದ್ದು ನಾನೇ. ಹೆಂಗೆ ಅಳಿಸ್ಬೇಕು ಹೇಳು, ಅಳಿಸ್ತೀನಿ."

"ನೀನು ಒತ್ತಿದ್ದು ಅಷ್ಟೇ ಕಣಪ್ಪ," ಬೀರಯ್ಯ ಮೆಷಿನ್ನಿನ ಕಡೆ ನೋಡದೆ ಗದ್ದದಲ್ಲಷ್ಟೇ ಅತ್ತ ತೋರಿಸಿದ. "ಬರೆದದ್ದು ಅದು."

ಯಾರೂ ಮುಟ್ಟಿರಲಿಲ್ಲ. ಮುಚ್ಚಳದಡಿ ಹಸಿರು ಬೆಳಕು ಈ ತುದಿಯಿಂದ ಆ ತುದಿಗೆ ಹರಿಯಿತು. ಒಂದು ಹಾಳೆ ಹೊರಗೆ ಜಾರಿತು. ಅದರಲ್ಲಿ ಅಚ್ಚುಕಟ್ಟಾದ ಸಣ್ಣ ಅಕ್ಷರಗಳಲ್ಲಿ ಒಂದೇ ಸಾಲಿತ್ತು: ಅಪ್ಪ, ನಾನು ಹೇಳೋದು ಯಾಕೆ ಯಾರೂ ಕೇಳುಸ್ಕತಿಲ್ಲ?

ಸೋಮೇಶ ಮಗಳತ್ತ ನೋಡಿದ. ಅವಳ ತುಟಿ ಆಡಿತು. ಮತ್ತೆ ಬೆಳಕು ಹರಿಯಿತು, ಮತ್ತೊಂದು ಹಾಳೆ ಬಂತು: ಅಮ್ಮ ಯಾಕೆ ಅಳ್ತಾವ್ಳೆ?

ಹೆದರಬೇಕಾದ ಹೊತ್ತಿನಲ್ಲಿ ಅವನಿಗೆ ಆದದ್ದು ಸಂತೋಷ, ನಾಚಿಕೆಯಾಗುವಷ್ಟು ಸಂತೋಷ. ಮಾತು ಎಲ್ಲಿಗೂ ಹೋಗಿಲ್ಲ, ತನ್ನ ಅಂಗಡಿಯಲ್ಲೇ ಇದೆ. ಹೊಸ ಕಟ್ಟನ್ನು ಒಡೆದು ಹಿಡಿದಷ್ಟು ಹಾಳೆ ಟ್ರೇಗೆ ತುಂಬಿದ. ಪುಟ್ಟಿಯನ್ನು ಎತ್ತಿ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ.

"ಮಾತಾಡವ್ವ. ಎಷ್ಟ್ ಬೇಕಾದ್ರೂ ಮಾತಾಡು. ನಾನು ಓದ್ಕತೀನಿ."

ಪುಟ್ಟಿಗೆ ಅಷ್ಟೇ ಬೇಕಿತ್ತು. ಕೈ ಬಾಯಿ ತಿರುಗಿಸುತ್ತ ದೊಡ್ಡದೊಂದು ಸಂಗತಿಯನ್ನೇ ಶುರುಮಾಡಿದಳು. ಬೆಳಕು ಹರಿಯಿತು, ಹಾಳೆ ಹೊರಗೆ ಇಣುಕಿತು. ಆಗ ಕರೆಂಟು ಹೋಯಿತು.

ಫ್ಯಾನು ನಿಧಾನವಾಗಿ ನಿಂತಿತು. ಬೀದಿಯ ಆಚೆ ಕ್ಯಾಸೆಟ್ ಅಂಗಡಿಯ ಹಾಡೂ ನಿಂತಿತು. ಮೆಷಿನ್ನಿನಿಂದ ಅರ್ಧ ಹೊರಬಂದು ಸಿಕ್ಕಿಕೊಂಡಿದ್ದ ಹಾಳೆಯಲ್ಲಿ 'ಅಪ್ಪ' ಎಂದಷ್ಟೇ ಇತ್ತು. ಸ್ಟೂಲಿನ ಮೇಲೆ ಕೂತ ಪುಟ್ಟಿ ಅವನ ಮುಖವನ್ನೇ ನೋಡುತ್ತ ಹೇಳುತ್ತಲೇ ಇದ್ದಳು.