ಹಚ್ಚದ ಕರ್ಪೂರ

ಪೆಟ್ರೋಲ್ ವಾಸನೆ ಬಂದಾಗಲೆಲ್ಲ ನನಗೆ ಈಗಲೂ ನೆನಪಾಗುವುದು ಕರ್ಪೂರ.

ಆ ಮಧ್ಯಾಹ್ನ ಕಂಪಲಾಪುರದಲ್ಲಿ, ಹೊಗೆಸೊಪ್ಪು ಹದ ಮಾಡುವ ನಮ್ಮ ಬ್ಯಾರನ್ನಿನ ನೆರಳಲ್ಲಿ, ಚಿಕ್ಕಪ್ಪ ತನ್ನ ರೇಸ್ ಕಾರಿಗೆ ದೊಡ್ಡ ಇಂಜೆಕ್ಟರ್ ಕೂರಿಸುತ್ತಿದ್ದ. ಹಳೆಯವು ಎಂಜಿನ್ನಿಗೆ ಸಾಲುವಷ್ಟು ಪೆಟ್ರೋಲ್ ಕೊಡುತ್ತಿರಲಿಲ್ಲವಂತೆ. ಬಿಚ್ಚಿದ ಪೈಪಿನಿಂದ ಸೋರಿ ನೆಲದ ಮಣ್ಣು ಕಪ್ಪಗಾಗಿತ್ತು. ಅವನು ರಬ್ಬರ್ ಉಂಗುರಗಳಿಗೆ ಎಣ್ಣೆ ಸವರಿ, ಒಂದೊಂದನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದ.

ಅಷ್ಟರಲ್ಲಿ ಅಜ್ಜಿ ಕರ್ಪೂರ ಇಟ್ಟ ಆರತಿ ತಟ್ಟೆ ಹಿಡಿದು ಬಂದಳು. ನಮ್ಮಲ್ಲಿ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕುವ ಮೊದಲೂ ಪೂಜೆ ಆಗಬೇಕು. ಹೊಸ ಸಾಮಾನು ಕೂತ ಕಾರನ್ನು ಅವಳು ಹಾಗೇ ಬಿಡುವವಳಲ್ಲ.

"ಈಗ ಬ್ಯಾಡ ಕಣವ್ವ, ಪೆಟ್ರೋಲ್ ಚೆಲ್ಲೋಗದೆ. ಕಿಡಿ ಬಿದ್ರೆ ಅತ್ಕೊಳ್ತದೆ," ಎಂದ ಚಿಕ್ಕಪ್ಪ.

"ಪೂಜೆ ಮಾಡ್ದೆ ಎಂಗ್ಲಾ ವೋಯ್ತೀಯ?"

"ರೇಸ್ ಮುಗಿಸ್ಕೊಂಡು ನಾಳೆ ಬತ್ತೀನಲ್ಲ, ಆಗ ಕರ್ಪೂರ ಅಚ್ಚು ಬುಡು."

ಅಜ್ಜಿ ತಟ್ಟೆಯನ್ನು ದೇವರ ಗೂಡಿನಲ್ಲಿಟ್ಟಳು.

ರೇಸಿಗೆ ಹೋದ ಚಿಕ್ಕಪ್ಪ ಬದುಕಿ ಬರಲಿಲ್ಲ. ಆ ತಟ್ಟೆಯನ್ನು ಮುಟ್ಟಲು ಅಜ್ಜಿ ಯಾರಿಗೂ ಬಿಡಲಿಲ್ಲ. ಕರ್ಪೂರದ ಬಿಲ್ಲೆಗಳು ದಿನದಿನಕ್ಕೆ ಸಣ್ಣವಾಗುತ್ತ ಗಾಳಿಯಲ್ಲೇ ಕರಗಿದವು. ಕೊನೆಗೊಂದು ದಿನ ತಟ್ಟೆ ಬರಿದಾಗಿತ್ತು. ಮಸಿಯೇ ಹತ್ತದ ಆ ತಟ್ಟೆಯನ್ನು ಅಜ್ಜಿ ಸೆರಗಿನಿಂದ ಒರೆಸುತ್ತಲೇ ಕೂತಿದ್ದಳು.