ಹುಟ್ಟಿನೊಳಗಿನ ಸದ್ದು

ದೋಣಿಯಿಂದ ಹುಟ್ಟನ್ನು ಕಡಲ ನೀರಿಗಿಳಿಸಿ, ಹಿಡಿಗೆ ಕಿವಿ ಹಚ್ಚಿ ಮೀನಿನ ಗೊರಗೊರ ಆಲಿಸುತ್ತಿದ್ದ ಮಂಗೇಶನಿಗೆ ದವಡೆಗೇ ಗುದ್ದಿದಂತೆ ಸದ್ದು ಬಂತು. ಅಮದಳ್ಳಿ ಕಡೆಯ ಗುಡ್ಡದ ಕ್ವಾರಿಯಲ್ಲಿ ದಿನದಂತೆ ಮಧ್ಯಾಹ್ನ ಕಲ್ಲು ಸಿಡಿಸಿದ್ದೂ ಅದೇ ಹೊತ್ತಿಗೆ. ಗುಡ್ಡದ ಸದ್ದು ಗಾಳಿಯಲ್ಲಿ ಒಮ್ಮೆ ಕೇಳಿ ಮುಗಿಯಿತು. ಹುಟ್ಟಿನೊಳಗಿನದು ಉರುಳುತ್ತಲೇ ಇತ್ತು. ಸೆಪ್ಟೆಂಬರಿನಲ್ಲಿ ಇಲ್ಲಿ ಮೇಲೆ ಬೆಚ್ಚನೆಯ ನೀರು, ಕೆಳಗೆ ತಣ್ಣೀರು. ನೀರಿನಲ್ಲೇ ಹುಟ್ಟಿದ ಸದ್ದು ತಣ್ಣೀರಿನತ್ತ ಬಾಗಿ, ಏಳೆಂಟು ಮಾರು ಆಳದ ತಳಕ್ಕೆ ಬಡಿಬಡಿದು ಬಹಳ ಹೊತ್ತು ಗುಡುಗುತ್ತದೆ.

ಹೆಂಡತಿಯ ತಮ್ಮ ರೋಷನನ ದೋಣಿ ಪಕ್ಕಕ್ಕೆ ಬಂದಾಗ ಅವನ ಬುಟ್ಟಿಯಲ್ಲಿ ಆಗಲೇ ಮೀನು ತುಂಬಿತ್ತು. ದಿನವೂ ಇಬ್ಬರ ದೋಣಿ ಸೇರಿ ಒಂದೇ ಬಲೆ ಎಳೆಯುತ್ತಿದ್ದವು; ಇವತ್ತು ಬಲೆ ಇನ್ನೂ ನೀರಿಗಿಳಿದಿರಲಿಲ್ಲ.

"ನೀರಿಗೆ ಸಿಡಿಮದ್ದಿನ ತೋಟೆ ಹಾಕಿದ್ಯನೋ?" ಮಂಗೇಶ ಕೇಳಿದ.

"ಎಂತ ತೋಟೆ ಭಾವ? ಗುಡ್ಡದಲ್ಲಿ ಕಲ್ಲು ಒಡೆದದ್ದು. ತಗೋ, ಅಕ್ಕಂಗೆ ಸಾರಿಗೆ." ರೋಷನ ಒಂದು ಮೀನು ಎಸೆದ.

"ಗುಡ್ಡ ಒಡೆದ್ರೆ ನೀರು ಇಷ್ಟೊತ್ತು ಗುಡುಗೂದಿಲ್ಲ."

ಬೆರಳೊತ್ತಿದಲ್ಲಿ ಮೀನಿನ ಹೊಟ್ಟೆ ಒದ್ದೆ ಬಟ್ಟೆಯಂತೆ ಕುಸಿಯಿತು. ತೋಟೆಗೆ ಸತ್ತ ಮೀನಿನಂತೆ ಒಳಗೆ ಮುಳ್ಳೆಲ್ಲ ಪುಡಿಯಾಗಿತ್ತು. ಮಂಗೇಶ ಅದನ್ನು ಬಿಸಾಡಿ ಕೈ ತೊಳೆದ, ಮೂಸಿ ನೋಡಿ ಮತ್ತೆ ತೊಳೆದ.

"ಸಾಕು ಭಾವ, ಪೂಜೆಗೆ ಹೊರಟವರ ಹಾಗೆ ಮಾಡ್ಬೇಡ. ಹಗ್ಗ ಹಿಡಿ. ನಾನಿಲ್ದೆ ಬಲೆ ಎಳೀತ್ಯಾ?"

ಒಂಟಿ ದೋಣಿಗೆ ಆ ಬಲೆ ಎಳೆಯಲಾಗದೆಂದು ಇಬ್ಬರಿಗೂ ಗೊತ್ತಿತ್ತು. ರೋಷನ ಎಸೆದ ಬಲೆಯ ಹಗ್ಗ ಮಂಗೇಶನ ಕಾಲ ಬಳಿ ಬಿತ್ತು. ಅದನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ. ಹುಟ್ಟಿನ ತುದಿಯಿಂದ ಎತ್ತಿ ನೀರಿಗೆ ತಳ್ಳಿದ.